ಅತ್ತಿಗೆ ಓದಿದ ದೆವ್ವದ ಕಾದಂಬರಿ

ಲಾಂಡ್ರಿಯಲ್ಲಿ ನಮ್ಮತ್ತಿಗೆಗೆ ಇಟ್ಟ ಹೆಸರು ಸ್ಟೀಮಮ್ಮ. ಆಸ್ಪತ್ರೆಗಳ, ಹೋಟೆಲುಗಳ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ದೊಡ್ಡ ಲಾಂಡ್ರಿ ಅದು. ಹಬೆಯಿಂದ ಕಾದ ಎರಡು ಉರುಳೆಗಳ ನಡುವೆ ಒದ್ದೆ ಚಾದರದ ಅಂಚು ಹಿಡಿದು ಕೊಡುವುದು ಅವಳ ಕೆಲಸ. ಅಂಚು ನೆಟ್ಟಗೆ ಕೊಟ್ಟರೆ ಚಾದರ ಆ ಕಡೆಯಿಂದ ಗರಿಗರಿಯಾಗಿ ಬರುತ್ತದೆ, ಸೊಟ್ಟ ಕೊಟ್ಟರೆ ಮುದುಡಿ ಸುತ್ತಿಕೊಂಡು ಯಂತ್ರವೇ ನಿಲ್ಲುತ್ತದೆ. ಅವಳ ಮುಂಗೈ ತುಂಬ ಸುಟ್ಟ ಗೆರೆಗಳಿವೆ. ಆದರೆ ಸ್ಟೀಮಮ್ಮ ಎನ್ನುವ ಹೆಸರು ಬಂದದ್ದು ಯಂತ್ರದಿಂದಲ್ಲ, ಅವಳ ಬಾಯಿಂದ.

ಕೋಪ ಅವಳಿಗೆ ಮೂಗಿನ ತುದಿಯಲ್ಲೇ. ಗ್ಯಾಸ್ ಸಿಲಿಂಡರ್ ತಂದವನು ಮೆಟ್ಟಿಲ ಕೆಳಗೇ ಇಟ್ಟು ಹೊರಟರೆ, ಅವನು ಬೀದಿಯ ತಿರುವು ಮುಟ್ಟುವ ಮೊದಲೇ ಅತ್ತಿಗೆಯ ದನಿ ಅವನನ್ನು ದಾಟಿ ಮುಂದೆ ನಿಂತಿರುತ್ತದೆ. ಮೇಸ್ತ್ರಿ ಹೊಸ ಹುಡುಗಿಯರ ಮೇಲೆ ರೇಗಿದರೆ ಅವಳು ಮೇಸ್ತ್ರಿಯ ಮೇಲೆ ರೇಗುತ್ತಾಳೆ. ನಾನು ಅವಳ ನಾದಿನಿ, ಅವಳ ಮನೆಯ ಎದುರು ಸಾಲಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಇಬ್ಬರಿಗೂ ಹೆಚ್ಚುಕಮ್ಮಿ ಒಂದೇ ವಯಸ್ಸು, ಹಾಗಾಗಿ ಬಹುವಚನವೆಲ್ಲ ಮೊದಲ ವರ್ಷವೇ ಬಿದ್ದುಹೋಯಿತು. ನನ್ನ ಬಾಯೂ ಏನು ಸಣ್ಣದಲ್ಲ. ಆದರೂ ಹೇಳುತ್ತೇನೆ, ಮದುವೆಯಾಗಿ ಬಂದಾಗ ಅವಳು ಹೀಗಿರಲಿಲ್ಲ. ಈ ಕೋಪ ಬಂದದ್ದು ನಮ್ಮಣ್ಣ ಸತ್ತ ಮೇಲೆ.

ಅಣ್ಣ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸಕ್ಕಿದ್ದ. ಮೀನು, ಮಾಂಸ, ಐಸ್ ಕ್ರೀಮು ಇಡುವ ಮಂಜು ಕಟ್ಟಿದ ಕೋಣೆಗಳು. ಒಂದು ಮಧ್ಯಾಹ್ನ ಮನೆಯಿಂದ ಕೆಲಸಕ್ಕೆ ಹೋದ, ಪೆಟ್ಟಿಗೆ ಜೋಡಿಸಲು ಒಳಗಿನ ಕೋಣೆಗೆ ಹೊಕ್ಕ, ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಒಳಗಿನಿಂದ ತೆಗೆಯುವ ಹ್ಯಾಂಡಲ್ ಕೆಟ್ಟು ಎಷ್ಟೋ ತಿಂಗಳಾಗಿತ್ತು. ‘ಆಫೀಸಿಗೆ ಹೇಳಿದೀನಿ’ ಎಂದು ಅಣ್ಣ ಮನೆಯಲ್ಲಿ ಎರಡು ಮೂರು ಸಲ ಅಂದಿದ್ದ. ಮರುದಿನ ಬೆಳಿಗ್ಗೆ ಬಾಗಿಲು ತೆಗೆದವರಿಗೆ ಸಿಕ್ಕಿದ್ದು ಅವನ ಹೆಣ. ವಿಚಾರಣೆಗೆ ಬಂದವರು ನೋಡುವ ಹೊತ್ತಿಗೆ ಆ ಬಾಗಿಲಿಗೆ ಹೊಸ ಹ್ಯಾಂಡಲ್ ಬಂದು ಕೂತಿತ್ತು. ಹ್ಯಾಂಡಲ್ ಸರಿಯಾಗೇ ಇದೆ, ಗಾಬರಿಯಲ್ಲಿ ತಿರುಗಿಸಲು ತಿಳಿಯದೆ ಸತ್ತಿದ್ದಾನೆ ಎಂದು ಬರೆದುಕೊಂಡು ಹೋದರು. ಅತ್ತಿಗೆ ಕೂಗಿದಳು, ಕೋಲ್ಡ್ ಸ್ಟೋರೇಜಿನ ಯಜಮಾನನ ಕಾರಿಗೆ ಅಡ್ಡ ನಿಂತಳು. ನಿನ್ನೆ ಹಾಕಿದ ಹ್ಯಾಂಡಲ್ ಅದು ಎಂದು ಕಂಡಕಂಡವರಿಗೆ ಹೇಳಿದಳು. ಗಂಡ ಸತ್ತ ಸಂಕಟ, ಪಾಪ, ಎಂದು ಎಲ್ಲರೂ ಕನಿಕರಿಸಿದರು. ಕೇಳಿದವರು ಯಾರೂ ಇಲ್ಲ.

ಆಮೇಲೆ ಹನ್ನೆರಡು ವರ್ಷ ಅವಳೂ ನಮ್ಮಮ್ಮನೂ ಅದೇ ಎರಡು ಕೋಣೆಯ ಮನೆಯಲ್ಲಿ ಉಳಿದರು. ಮಕ್ಕಳಿರಲಿಲ್ಲ. ತವರಿಗೆ ಹೋಗು ಎಂದವರಿಗೆ ಅತ್ತಿಗೆ, ‘ಅತ್ತೇನ ಯಾರು ನೋಡ್ಕೊಳ್ತಾರೆ, ನೀವಾ?’ ಎಂದು ಕೇಳಿ ಬಾಯಿ ಮುಚ್ಚಿಸಿದ್ದಳು. ಅಮ್ಮನೂ ಅಷ್ಟೇ, ನನ್ನ ಮನೆಗೆ ಬಂದರೆ ಸಂಜೆಯೊಳಗೆ ‘ಅವಳು ಕೆಲಸದಿಂದ ಬರೋ ಹೊತ್ತಾಯ್ತು’ ಎಂದು ಚಡಪಡಿಸುತ್ತಿದ್ದಳು. ಹೆತ್ತ ಮಗಳು ನಾನು, ನನಗೆ ಹೊಟ್ಟೆಕಿಚ್ಚಾಗುವಷ್ಟು.

ಅತ್ತಿಗೆಯ ಒಂದೇ ಚಟ ಪತ್ತೇದಾರಿ ಕಾದಂಬರಿ. ಲಾಂಡ್ರಿಯ ಟೀ ಬಿಡುವಿನಲ್ಲಿ ಸೋಪಿನ ಚೀಲಗಳ ಮೇಲೆ ಕೂತು ಓದುತ್ತಿದ್ದಳು. ಓದುವುದೂ ಜಗಳವಾಡಿದ ಹಾಗೆಯೇ. ‘ಅಲ್ಲ, ಕಿಟಕಿ ತೆಗೆದಿತ್ತು ಅಂತ ಆಗಲೇ ಹೇಳಿದಾನೆ, ಈಗ ಗಾಜು ಒಡೆದು ಬಂದ ಅಂತಾನಲ್ಲ, ಇವನೇನು ಬರೆಯುವಾಗ ನಿದ್ದೆ ಮಾಡ್ತಿದ್ನಾ’ ಎಂದು ಪುಸ್ತಕವನ್ನೇ ಗದರುತ್ತಿದ್ದಳು. ಚೆನ್ನಾಗಿದ್ದರೆ ಮಾತ್ರ ಒಂದೂ ಮಾತಿಲ್ಲದೆ ಮುಗಿಸಿ ನನ್ನ ಹೊಲಿಗೆ ಯಂತ್ರದ ಮೇಲೆ ಇಟ್ಟು ಹೋಗುತ್ತಿದ್ದಳು. ಕೊಲೆ ಮಾಡಿದವನು ಸಿಕ್ಕಿಬೀಳುವುದು ಪುಸ್ತಕದಲ್ಲಾದರೂ ಆಗಲಿ ಎನ್ನುವ ಹಸಿವು ಅದು ಎಂದು ನನಗೆ ಗೊತ್ತಿತ್ತು.

ಹೀಗಿರುವಾಗ ನಮ್ಮ ಬೀದಿಯ ಗುಮಾಸ್ತರು ಒಂದು ಕಾದಂಬರಿ ಬರೆದರು. ಅಣ್ಣನ ಕೋಲ್ಡ್ ಸ್ಟೋರೇಜಿನಲ್ಲೇ ಗುಮಾಸ್ತರಾಗಿ ನಿವೃತ್ತರಾದವರು. ಅಣ್ಣ ಸತ್ತ ದಿನ ನಮಗಿಂತ ಹೆಚ್ಚು ಅತ್ತವರು ಅವರೇ. ಆಸ್ಪತ್ರೆಗೆ ಓಡಾಡಿದರು, ಸಹಿ ಹಾಕಬೇಕಾದ ಕಡೆ ಹಾಕಿದರು, ಉಳಿದ ಹೊತ್ತೆಲ್ಲ ಅಮ್ಮನ ಪಕ್ಕ ಕೂತರು. ಅಂದಿನಿಂದ ಅತ್ತಿಗೆಯನ್ನು ತಂಗಿ ಎಂದೇ ಕರೆಯುತ್ತಿದ್ದರು. ಪುಸ್ತಕದ ಹೆಸರು ‘ಹಿಮಗೃಹದ ನಿಟ್ಟುಸಿರು’. ಮುಖಪುಟದಲ್ಲಿ ಮಂಜು ಹಿಡಿದ ಬಾಗಿಲು, ಅದರೊಳಗಿಂದ ಚಾಚಿದ ಒಂದು ಕೈ. ಅತ್ತಿಗೆಗೆ ತಾವೇ ಬಂದು ಒಂದು ಪ್ರತಿ ಕೊಟ್ಟು, ‘ನಿನ್ನ ಯಜಮಾನರ ಕಥೆನೇ ತಂಗಿ, ಹೆಸರು ಮಾತ್ರ ಬದಲಾಯಿಸಿದೀನಿ’ ಎಂದರು.

ಅವತ್ತು ಅತ್ತಿಗೆ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ನನ್ನ ಅಂಗಡಿಗೆ ಓಡಿ ಬಂದಳು. ಕಣ್ಣಲ್ಲಿ ನೀರಿತ್ತು. ‘ಹ್ಯಾಂಡಲ್ ವಿಷಯ ಅಚ್ಚಾಗಿರುತ್ತೆ ಕಣೇ. ಇನ್ನು ಯಾರೂ ನನ್ನನ್ನ ಹುಚ್ಚಿ ಅನ್ನಲ್ಲ’ ಎಂದಳು. ಪತ್ತೇದಾರಿ ಓದಿ ಓದಿ ಹಣ್ಣಾದವಳು, ಮೊದಲ ಸಲ ಕೊನೆಯ ಪುಟ ಇಣುಕಿ ನೋಡದೆ ಮೊದಲಿನಿಂದ ಓದಲು ಶುರು ಮಾಡಿದಳು.

ನಾನೂ ಓದಿದೆ. ಆ ಪುಸ್ತಕದ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಚಳಿ ‘ಧಗಧಗಿಸುತ್ತದೆ’. ಮೌನ ‘ಕಿರುಚುತ್ತಾ ಮೆಟ್ಟಿಲಿಳಿಯುತ್ತದೆ’. ಪತ್ತೇದಾರನ ಕಣ್ಣು ಒಂದು ಅಧ್ಯಾಯದಲ್ಲಿ ನೀಲಿ, ಇನ್ನೊಂದರಲ್ಲಿ ಕಂದು, ಕೊನೆಗೆ ಅವನಿಗೆ ಒಂದೇ ಕಣ್ಣು. ದೆವ್ವ ಬಂದಾಗಲೆಲ್ಲ ಗಡಿಯಾರ ನಿಲ್ಲುತ್ತದೆ, ಯಾರೂ ಅದನ್ನು ರಿಪೇರಿಗೆ ಕೊಡುವುದಿಲ್ಲ. ಸರಿ, ಬರೆಯಲು ಬರದವರು ಬರೆದರೆ ಹೀಗೇ ಇರುತ್ತದೆ, ಕಾಗಕ್ಕ ಗುಬ್ಬಕ್ಕನ ಕಥೆ ಎಂದು ನಕ್ಕು ಬಿಡಬಹುದಿತ್ತು. ಆದರೆ ಬಾಗಿಲು ಮುಚ್ಚಿದ್ದು ಯಾರು ಗೊತ್ತೇ? ಆ ಕಟ್ಟಡದ ಅಡಿಯಲ್ಲಿ ಹೂತುಹೋಗಿದ್ದ ಒಂದು ಅತೃಪ್ತ ಆತ್ಮ. ಅದನ್ನು ಪತ್ತೆ ಹಚ್ಚುವುದು ನಮ್ಮಣ್ಣನ ದೆವ್ವ. ಸಾಕ್ಷಿ ಹೇಳುವುದು ಮೂರನೆಯದೊಂದು ದೆವ್ವ. ಕೊಲೆಗಾರನೂ ದೆವ್ವ, ಪೊಲೀಸೂ ದೆವ್ವ, ಸಾಕ್ಷಿಯೂ ದೆವ್ವ. ಮನುಷ್ಯರು ಯಾರೂ ಏನೂ ಮಾಡಿಲ್ಲ. ಹ್ಯಾಂಡಲ್ ಎನ್ನುವ ಪದವೇ ಇಡೀ ಪುಸ್ತಕದಲ್ಲಿ ಇಲ್ಲ.

‘ಗೋಡೆ ತೂರಿಕೊಂಡು ಬರೋ ದೆವ್ವಕ್ಕೆ ಬಾಗಿಲು ಹಾಕೋ ಕೆಲಸ ಯಾಕೆ ಬೇಕಿತ್ತು?’ ಅತ್ತಿಗೆ ಪುಸ್ತಕವನ್ನು ನನ್ನ ಕತ್ತರಿಸುವ ಮೇಜಿನ ಮೇಲೆ ಕುಕ್ಕಿದಳು. ‘ನಮ್ಮನೆಯವರನ್ನ ಎರಡನೇ ಸಲ ಸಾಯಿಸಿದಾನೆ, ಅದೂ ಇಷ್ಟು ಕೆಟ್ಟದಾಗಿ.’

ಇಷ್ಟಕ್ಕೇ ಮುಗಿದಿದ್ದರೆ ಅವಳು ನಾಲ್ಕು ದಿನ ಹಾರಾಡಿ ಸುಮ್ಮನಾಗುತ್ತಿದ್ದಳು. ಆದರೆ ಎರಡನೆಯ ಅಧ್ಯಾಯದಲ್ಲಿ ಒಂದು ಬಾಗಿಲಿನ ದೃಶ್ಯವಿತ್ತು. ನಾಯಕ ಕೊನೆಯ ಸಲ ಮನೆಯಿಂದ ಹೊರಡುವಾಗ ಹೆಂಡತಿಗೆ ‘ಹೋಗ್ತೀನಿ’ ಅನ್ನುತ್ತಾನೆ. ‘ಹೋಗಿ ಬರ್ತೀನಿ’ ಅನ್ನುವುದಿಲ್ಲ. ಕನ್ನಡಿಯ ಮುಂದೆ ತಲೆ ಬಾಚುತ್ತಿದ್ದ ಹೆಂಡತಿ ತಿರುಗಿಯೂ ನೋಡದೆ ‘ಹ್ಞೂಂ’ ಅನ್ನುತ್ತಾಳೆ. ಪುಸ್ತಕದ ಕೊನೆಯಲ್ಲಿ ದೆವ್ವ ಬಂದು ಅಳುತ್ತದೆ: ‘ಹೋಗುತ್ತೇನೆ ಎಂದವನನ್ನು ನೀನು ತಡೆದು ನಿಲ್ಲಿಸಿ, ಹೋಗಿ ಬರುತ್ತೇನೆ ಎನ್ನಿಸಿದ್ದರೆ ನಾನು ಬದುಕುತ್ತಿದ್ದೆ. ಆ ಒಂದು ಮಾತು ನನ್ನನ್ನು ಕೊಂದಿತು.’ ನಮ್ಮ ಭಾಷೆ ಆಡುವ ಯಾವ ಮನೆಯಲ್ಲಾದರೂ ಕೇಳಿ, ಹೊರಡುವವರು ಹೋಗ್ತೀನಿ ಅಂದರೆ ಎದೆ ಧಸಕ್ಕೆನ್ನುತ್ತದೆ, ಬರ್ತೀನಿ ಅನ್ನು ಎಂದು ತಿದ್ದುತ್ತಾರೆ. ಗುಮಾಸ್ತರಿಗೆ ಬರೆಯಲು ಬರದಿದ್ದರೂ ಎಲ್ಲಿ ಚುಚ್ಚಬೇಕೆಂದು ಗೊತ್ತಿತ್ತು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಮ್ಮ ಬೀದಿಯಲ್ಲಿ ಬೇಕಾದಷ್ಟಿದ್ದಾರೆ. ಅಂಗಡಿಗೆ ರವಿಕೆ ಕೊಡಲು ಬಂದವರು, ‘ನಿಮ್ಮತ್ತಿಗೆ ಒಂದು ಮಾತು ತಡೀಬಹುದಿತ್ತು’ ಎನ್ನತೊಡಗಿದರು. ನಾನು ಇಬ್ಬರ ಬಟ್ಟೆ ಹಾಗೇ ವಾಪಸ್ ಕೊಟ್ಟು ಕಳಿಸಿದೆ. ಅವರನ್ನು ಕಳಿಸಬಹುದು. ಅಮ್ಮನನ್ನು ಏನು ಮಾಡುವುದು?

ಅಮ್ಮ ಭೂತಗನ್ನಡಿ ಹಿಡಿದು ಒಂದೊಂದೇ ಸಾಲಿಗೆ ಬೆರಳಿಟ್ಟು ಇಡೀ ಪುಸ್ತಕ ಓದಿದಳು. ಓದಿ ಮುಗಿಸಿ ಅತ್ತಿಗೆಯ ಜೊತೆ ಮಾತು ಬಿಟ್ಟಳು. ಅತ್ತಿಗೆ ಬಡಿಸಿದ ತಟ್ಟೆಯನ್ನು ದೂರ ಸರಿಸಿದಳು. ನಾನು ಹೋದರೆ ನನಗೆ ಹೇಳುತ್ತಿದ್ದಳು, ಅತ್ತಿಗೆ ಅಲ್ಲೇ ಎದುರಿಗೆ ನಿಂತಿದ್ದರೂ.

‘ನಿನ್ನ ಅತ್ತಿಗೆಗೆ ಹೇಳು, ನನಗೆ ಟೀ ಬೇಡ.’

‘ಅಮ್ಮ, ಅದು ಕಟ್ಟುಕಥೆ’ ಎಂದೆ.

‘ಅಚ್ಚಾಗಿದೆ. ಸುಮ್ಮನೆ ಅಚ್ಚಾಗುತ್ತಾ? ತಲೆ ಬಾಚ್ಕೊಳ್ತಾ ಕೂತಿದ್ಲಂತೆ. ನಾನು ನಿಮ್ಮನೆಗೆ ಬಂದುಬಿಡ್ತೀನಿ. ಇವಳ ಮುಖ ನೋಡ್ಕೊಂಡು ಇರೋಕೆ ಆಗಲ್ಲ.’

ಬಟ್ಟೆಯ ಚೀಲ ಆಗಲೇ ಮಂಚದ ಮೇಲಿತ್ತು. ಅತ್ತಿಗೆ ಟೀ ಲೋಟ ಎತ್ತಿಕೊಂಡು ಹೋಗಿ ತೊಟ್ಟಿಗೆ ಸುರಿದಳು. ಇಡೀ ಲಾಂಡ್ರಿಯನ್ನು ನಡುಗಿಸುವವಳು ಅಲ್ಲಿ ನಿಂತು ಖಾಲಿ ಲೋಟವನ್ನು ತೊಳೆದದ್ದೇ ತೊಳೆದದ್ದು. ಅಣ್ಣ ಹೋದ ಮೇಲೆ ಅವಳಿಗೆ ಉಳಿದದ್ದು ಅಮ್ಮ ಒಬ್ಬಳೇ. ಆ ಚೀಲ ಹೊಸಿಲು ದಾಟಿದರೆ ಅದೂ ಮುಗಿಯಿತು. ಎರಡಾಣೆ ಬೆಲೆಯಿಲ್ಲದ ಪುಸ್ತಕವೊಂದು ಇಷ್ಟು ಮಾಡಿತಲ್ಲ ಎಂದು ನನ್ನ ಮೈಯೆಲ್ಲ ಉರಿಯಿತು.

ಅತ್ತಿಗೆಯ ಮುಂದಿನ ರಜೆಯ ದಿನ ಬೆಳಿಗ್ಗೆ ನಾವಿಬ್ಬರೂ ಗುಮಾಸ್ತರ ಮನೆಗೆ ಹೋದೆವು. ಮುಂದಿನ ಕೋಣೆಯಲ್ಲಿ ಪುಸ್ತಕದ ಕಟ್ಟುಗಳನ್ನು ಕಿಟಕಿಯವರೆಗೆ ಪೇರಿಸಿದ್ದರು. ಗುಮಾಸ್ತರು ಬನಿಯನ್ನಿನ ಮೇಲೆ ಅಂಗಿ ತೊಟ್ಟುಕೊಳ್ಳುತ್ತ ಬಂದು, ‘ಬಾ ತಂಗಿ, ಓದಿದ್ಯಾ?’ ಎಂದರು. ಹೊಗಳಿಕೆಗೆ ಬಂದಿದ್ದಾಳೆ ಅಂದುಕೊಂಡಿರಬೇಕು.

‘ಓದಿದೆ ಸಾರ್. ಬಾಗಿಲು ಹಾಕಿದ್ದು ದೆವ್ವ ಅಂತ ಬರೆದಿದೀರಲ್ಲ, ಹ್ಯಾಂಡಲ್ ಎಲ್ಲಿ ಹೋಯ್ತು?’

‘ಯಾವ ಹ್ಯಾಂಡಲ್? ನನಗೆ ಆ ಮಿಷನ್ನು, ಬಾಗಿಲು, ಅವೆಲ್ಲ ಏನೂ ಗೊತ್ತಾಗಲ್ಲಮ್ಮ. ನಾನು ಮನಸ್ಸಿನ ಬಗ್ಗೆ ಬರೆಯೋನು.’

‘ಅವರು ಹೋಗ್ತೀನಿ ಅಂದ್ರು, ನಾನು ಹ್ಞೂಂ ಅಂದೆ ಅಂತ ಬರೆದಿದೀರಿ. ನೀವು ನೋಡಿದ್ರಾ?’

‘ಅದು ಕಲ್ಪನೆ ತಂಗಿ. ಕಲಾವಿದನ ಸ್ವಾತಂತ್ರ್ಯ.’

‘ಹಾಗಾದ್ರೆ ಮನೆಗೆ ಬಂದು ನಮ್ಮತ್ತೆ ಮುಂದೆ ಅದೇ ಮಾತು ಹೇಳಿ. ನಾನೇ ಕಟ್ಟಿದ್ದು ಅಂತ ಹೇಳಿ. ಅವರು ಮನೆ ಬಿಟ್ಟು ಹೊರಟಿದಾರೆ.’

ಗುಮಾಸ್ತರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೇನೋ ಹೇಳಿದರು. ಓದುಗರು ನಂಬಿದರೆ ಅದು ಕೃತಿಯ ಗೆಲುವು, ಲೇಖಕ ವಿವರಣೆ ಕೊಡಬಾರದು, ಸಾವು ಎನ್ನುವುದೇ ಒಂದು ರಹಸ್ಯ, ಹೀಗೆ. ಅತ್ತಿಗೆ ಪುಸ್ತಕದ ಒಂದು ಕಟ್ಟನ್ನು ಎಳೆದು ಅದರ ಮೇಲೆಯೇ ಕೂತಳು. ‘ನೀವು ಬರೋವರೆಗೂ ಏಳಲ್ಲ’ ಎಂದಳು. ಅವರು ಎರಡು ಸಲ ಕೆಮ್ಮಿದರು, ಒಳಗೆ ಹೋಗಿ ನೀರು ಕುಡಿದು ಬಂದರು.

‘ನೋಡು, ಪೂರ್ತಿ ಕಲ್ಪನೆ ಅಂತ ನಾನು ಅವರ ಮುಂದೆ ಹೇಗೆ ಹೇಳಲಿ? ಹೋಗ್ತೀನಿ ಅಂದಿದ್ದು ನಿಜ. ನನಗೆ ಹೇಳಿದವರೇ ನಿಮ್ಮತ್ತೆ. ಅವತ್ತು, ಸತ್ತ ದಿನ, ನನ್ನ ಕೈ ಹಿಡ್ಕೊಂಡು ಹೇಳಿದ್ರು. ಬಾಗಿಲಲ್ಲಿ ಇದ್ದವರು ಅವರೇ.’

‘ಮತ್ತೆ ನನ್ನನ್ನ ಯಾಕೆ ನಿಲ್ಲಿಸಿದ್ರಿ?’

‘ಕಥೆಗೆ ತಂಗಿ. ವಯಸ್ಸಾದ ತಾಯಿ ನಿಂತಿದ್ರೆ ಅಷ್ಟು ಎಫೆಕ್ಟ್ ಬರಲ್ಲ. ಹೆಂಡತಿ ಅಂದ್ರೆ ಓದೋರಿಗೆ ಕರುಳು ಚುರ್ ಅನ್ನುತ್ತೆ.’

ಅವನ ಮುಖಕ್ಕೆ ಏನಾದರೂ ಎಸೆಯಬೇಕೆನಿಸಿತು ನನಗೆ. ಎಸೆಯಲು ಕೈಗೆ ಸಿಗುವಂತಿದ್ದದ್ದು ಅವನದೇ ಪುಸ್ತಕ. ಅತ್ತಿಗೆ ಮಾತ್ರ ನಿಧಾನವಾಗಿ ಎದ್ದಳು. ದಾರಿಯುದ್ದಕ್ಕೂ ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದಳು. ಅಣ್ಣ ಕೊನೆಯ ಸಲ ಹೊರಟಾಗ ಅವಳು ಬೆಳಗಿನ ಶಿಫ್ಟಿನಿಂದ ಇನ್ನೂ ಮನೆಗೆ ಬಂದಿರಲಿಲ್ಲ, ಅದು ಅಮ್ಮನಿಗೂ ಗೊತ್ತಿತ್ತಲ್ಲ. ತಾನು ನಿಂತಿದ್ದ ಬಾಗಿಲಲ್ಲಿ ಸೊಸೆಯನ್ನು ನಿಲ್ಲಿಸಿ ಬೈಯಲು ಅಮ್ಮನಿಗೆ ನಾಲಿಗೆ ಹೇಗೆ ಬಂತು? ಹೆತ್ತ ತಾಯಿಯ ಮೇಲೆ ನನಗೆ ಅಂಥ ಸಿಟ್ಟು ಯಾವತ್ತೂ ಬಂದಿರಲಿಲ್ಲ.

ಅಮ್ಮ ಚೀಲ ಪಕ್ಕದಲ್ಲಿಟ್ಟುಕೊಂಡು ಮಂಚದ ಮೇಲೆ ಕೂತಿದ್ದಳು. ಅತ್ತಿಗೆ ಚಪ್ಪಲಿ ಬಿಟ್ಟವಳೇ ಅವಳೆದುರು ನೆಲದ ಮೇಲೆ ಕೂತಳು.

‘ಅತ್ತೆ, ಅವತ್ತು ನಾನು ಲಾಂಡ್ರಿಯಲ್ಲಿದ್ದೆ. ಬಾಗಿಲಲ್ಲಿ ಇದ್ದವರು ನೀವು.’

ಅಮ್ಮ ನನ್ನ ಕಡೆ ನೋಡಿದಳು. ‘ನಿನ್ನ ಅತ್ತಿಗೆಗೆ ಹೇಳು…’

‘ಅವಳಿಗೆ ಹೇಳ್ಬೇಡಿ. ನನಗೆ ಹೇಳಿ.’

ಅಮ್ಮ ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡು ಬಿಚ್ಚಿದಳು. ಆಮೇಲೆ ಅತ್ತಿಗೆಯನ್ನೇ ನೋಡಿ ಹೇಳಿದಳು.

‘ಬಾಯಲ್ಲಿ ಮಾತ್ರೆ ಇತ್ತು ಕಣೇ. ನೀರು ತುಂಬ್ಕೊಂಡಿದ್ದೆ. ಅವನು ಹೋಗ್ತೀನಿ ಅಂದ. ಬರ್ತೀನಿ ಅನ್ನು ಅಂತ ಹೇಳೋಣ ಅಂದ್ರೆ ಬಾಯಿ ಬಿಡೋ ಹಾಗಿಲ್ಲ. ನುಂಗೋ ಹೊತ್ತಿಗೆ ಗೇಟು ದಾಟಿದ್ದ. ಕೂಗಿದ್ರೆ ಕೇಳ್ತಿತ್ತು. ರಾತ್ರಿ ಬರ್ತಾನಲ್ಲ ಅಂತ ಸುಮ್ಮನಾದೆ. ಅವತ್ತು ಆ ಗುಮಾಸ್ತನ ಹತ್ರ ಅಂದಿದ್ದು ಬಿಟ್ಟರೆ ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ. ಆಮೇಲೆ ಪುಸ್ತಕದಲ್ಲಿ ನೀನು ನಿಂತಿದ್ದೆ. ಓದಿ ಓದಿ ನೀನೇ ಅನ್ನಿಸಿಬಿಡ್ತು. ಹಗುರ ಆಯ್ತು.’

‘ನಿಮಗೆ ಹಗುರ ಆಯ್ತು’ ಎಂದಳು ಅತ್ತಿಗೆ. ‘ನನಗೆ? ಹತ್ತು ದಿನ ನನ್ನ ಕೈಯಿಂದ ಒಂದು ತುತ್ತು ತಿನ್ನಲಿಲ್ಲ ನೀವು.’

ಅಮ್ಮ ತಲೆ ತಗ್ಗಿಸಿದಳು. ನಾನು ಬೈಯಲೆಂದು ಬಾಯಿ ತೆರೆದವಳು ಹಾಗೇ ಮುಚ್ಚಿದೆ. ಮಾತ್ರೆ ಬಾಯಲ್ಲಿಟ್ಟುಕೊಂಡು ನಿಂತ ಅಮ್ಮನ ಮುಖ ಕಣ್ಣ ಮುಂದೆ ಬಂದು ನನ್ನ ಸಿಟ್ಟಿಗೆ ನಿಲ್ಲಲು ಜಾಗವಿಲ್ಲದಂತಾಯಿತು.

‘ಮಾತಿಗೆಲ್ಲ ಬಾಗಿಲು ಹಾಕ್ಕೊಳ್ಳಲ್ಲ ಅತ್ತೆ’ ಎಂದಳು ಅತ್ತಿಗೆ. ‘ಅವರು ಏನೇ ಅಂದು ಹೋಗಿದ್ರೂ ಆ ಬಾಗಿಲು ತೆಗೀತಿರಲಿಲ್ಲ. ಹ್ಯಾಂಡಲ್ ಕೆಟ್ಟಿತ್ತು. ನೀವಲ್ಲ, ನಾನಲ್ಲ. ಹ್ಯಾಂಡಲ್.’

‘ಅದು ಪುಸ್ತಕದಲ್ಲಿ ಇಲ್ವಲ್ಲ.’

‘ಇಲ್ಲ. ಅವರಿಗೆ ಬಾಗಿಲು ಗೀಗಿಲು ಏನೂ ಗೊತ್ತಿಲ್ಲವಂತೆ. ಈಗ ತಾನೇ ಹೇಳಿದ್ರು.’

ಅಮ್ಮ ತಲೆ ಎತ್ತಿದಳು. ‘ಏನೂ ಗೊತ್ತಿಲ್ಲ ಅಂದನಾ? ಬಾಗಿಲ ವಿಷಯ ಉದ್ದಕ್ಕೆ ಬರೆದಿದಾನಲ್ಲ. ತೆಗೆದು ಓದು.’

ನಾನು ಪುಸ್ತಕ ತೆಗೆದೆ. ಹ್ಯಾಂಡಲ್ ಎನ್ನುವ ಪದಕ್ಕಾಗಿಯಷ್ಟೇ ಕಣ್ಣಾಡಿಸಿ ನಾವಿಬ್ಬರೂ ದಾಟಿಬಿಟ್ಟಿದ್ದ ಒಂದೂವರೆ ಪುಟ ಅದು. ಗಟ್ಟಿಯಾಗಿ ಓದಿದೆ. ಒಂದು ಗೇಣು ದಪ್ಪದ ಬಾಗಿಲು. ಮೇಲೆ ಹೊದಿಸಿದ ತಗಡು, ಅದರ ಎಡ ಮೂಲೆಯಲ್ಲಿ ತುಕ್ಕು. ಸುತ್ತ ಬೂದು ಬಣ್ಣದ ರಬ್ಬರ್ ಪಟ್ಟಿ, ಕೆಳಗೆ ಅದು ಹರಿದಿದೆ. ಮೂರು ಕೀಲು, ನಡುವಿನದು ಕಿರುಗುಟ್ಟುತ್ತದೆ. ಒಳಗಡೆ ತಂತಿಯ ಗೂಡಿನಲ್ಲಿ ಒಂದು ಬಲ್ಬು. ಅದರ ಕೆಳಗೆ ಕೆಂಪು ಅಕ್ಷರದ ಎಚ್ಚರಿಕೆ ಫಲಕ, ಅದರಲ್ಲಿ ಒಂದು ಅಕ್ಷರ ಅಳಿಸಿಹೋಗಿದೆ. ಆಮೇಲೆ ದೆವ್ವ ಬಂತು.

‘ಮುಗೀತು’ ಎಂದೆ.

‘ಅಳಿಸಿಹೋದ ಅಕ್ಷರ ಕಂಡಿದೆ. ಹರಿದ ರಬ್ಬರ್ ಕಂಡಿದೆ’ ಎಂದಳು ಅಮ್ಮ. ‘ಇಷ್ಟೆಲ್ಲ ಬರೆದೋನು ಹ್ಯಾಂಡಲ್ ಒಂದನ್ನ ಬಿಟ್ಟಿದಾನೆ. ಸರಿಯಾಗಿದ್ದಿದ್ರೆ ಹೊಳೀತಿತ್ತು ಅಂತ ಬರೀತಿದ್ದ. ಗೊತ್ತಿಲ್ಲದೆ ಬಿಟ್ಟಿದ್ದಲ್ಲ ಇದು.’ ಅತ್ತಿಗೆಯ ಕಡೆ ತಿರುಗಿ ಕೇಳಿದಳು. ‘ಆಫೀಸಿಗೆ ಹೇಳಿದೀನಿ ಅಂತಿದ್ದನಲ್ಲ ನನ್ನ ಮಗ. ಅಲ್ಲಿ ಆಫೀಸು ಅಂದ್ರೆ ಯಾರು?’

ಇಷ್ಟು ವರ್ಷ ಆಫೀಸು ಅಂದರೆ ಯಜಮಾನ ಎಂದುಕೊಂಡು ಅತ್ತಿಗೆ ಅವನ ಕಾರಿಗೆ ಅಡ್ಡ ನಿಂತಿದ್ದಳು. ಯಜಮಾನ ಯಾವಾಗಲೋ ಒಮ್ಮೆ ಬಂದು ಹೋಗುವವನು. ಆಫೀಸು ಅಂದರೆ ಗೇಟಿನ ಪಕ್ಕದ ಕೋಣೆ, ಒಂದು ಮೇಜು, ಒಂದು ಕುರ್ಚಿ. ಕೆಟ್ಟದ್ದನ್ನು ಕೇಳಿಸಿಕೊಂಡು ರಿಪೇರಿಯವನನ್ನು ಕರೆಸುವುದು ಆ ಕುರ್ಚಿಯ ಕೆಲಸ.

‘ಗುಮಾಸ್ತರು’ ಎಂದಳು ಅತ್ತಿಗೆ. ಅಷ್ಟು ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದು ನಾನು ಕೇಳಿರಲಿಲ್ಲ. ‘ಸತ್ತ ದಿನ ನಿಮ್ಮ ಪಕ್ಕ ಕೂತು ಅತ್ತರಲ್ಲ ಅತ್ತೆ.’

‘ಅತ್ತ. ನನ್ನ ಬಾಯಿಂದ ಆ ಮಾತು ಕೇಳಿಸ್ಕೊಂಡೂ ಅತ್ತ. ಆಮೇಲೆ ಅದನ್ನೇ ತಗೊಂಡು ಹೋಗಿ ಹ್ಯಾಂಡಲ್ ಬದಲು ತನ್ನ ಬಾಗಿಲಿಗೆ ಹಾಕ್ಕೊಂಡ.’

ಅಮ್ಮ ಮಂಚದಿಂದ ಇಳಿದಳು. ಮಂಡಿ ಹಿಡಿದುಕೊಂಡು ನಿಂತು, ಕಾಲಿನಿಂದಲೇ ನೆಲ ತಡಕಿ ಚಪ್ಪಲಿ ಹುಡುಕಿದಳು. ಚೀಲ ಮಂಚದ ಮೇಲೇ ಉಳಿಯಿತು.

‘ಎಲ್ಲಿಗೆ ಅತ್ತೆ?’

‘ಅವನ ಮನೆಗೆ’ ಎಂದಳು ಅಮ್ಮ, ಸೊಸೆಯ ಭುಜಕ್ಕೆ ಕೈ ಕೊಟ್ಟು. ‘ನೀನು ಬಾಯಿ ಬಿಟ್ಟು ಮಾತಾಡು. ಎಷ್ಟು ಬೇಕಾದ್ರೂ ಕೂಗು. ನಾನು ಪಕ್ಕದಲ್ಲಿ ನಿಂತ್ಕೋತೀನಿ.’